ಚಾಕುವಿನ ಹಿಡಿಗೆ ಯಾವ ಮರ? ಚಂದ, ತೂಕ, ಬಾಳಿಕೆ ನೋಡಿ ಆರಿಸುವ ಬಗೆ

ಚಾಕುವಿನ ಹಿಡಿಗೆ ಮರ ಹುಡುಕುವವರು ಮೊದಲು ನೋಡುವುದು ಬಣ್ಣವನ್ನು, ಆಮೇಲೆ ಗೆರೆಗಳ ಚಿತ್ತಾರವನ್ನು. ಅದು ಸಹಜವೇ. ಚಂದಕ್ಕಾಗಿಯೇ ಅಲ್ವಾ ಪ್ಲಾಸ್ಟಿಕ್ ಬಿಟ್ಟು ಮರದ ಕಡೆ ಬರುವುದು? ಆದರೆ ಬಣ್ಣಕ್ಕೂ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಇದೆ. ಈ ಮರ ಎಷ್ಟು ಹಿಗ್ಗುತ್ತದೆ, ಎಷ್ಟು ಕುಗ್ಗುತ್ತದೆ? ಹಿಡಿಯ ಬಾಳಿಕೆ ನಿಂತಿರುವುದು ಬಹುಪಾಲು ಇದರ ಮೇಲೆ.

ಮರ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಹವೆಯಲ್ಲಿ ತೇವ ಬಿಟ್ಟು ಕುಗ್ಗುತ್ತದೆ. ಉದ್ದಕ್ಕೆ ಲೆಕ್ಕಕ್ಕೇ ಸಿಗದಷ್ಟು ಕಡಿಮೆ, ಅಗಲಕ್ಕೆ ಜಾಸ್ತಿ. ಹಿಡಿಯೊಳಗೆ ಹೋಗುವ ಉಕ್ಕಿನ ಭಾಗ, ಅಂದರೆ ಟ್ಯಾಂಗ್, ತೇವಕ್ಕೆ ಜಗ್ಗುವುದೇ ಇಲ್ಲ. ಹಾಗಾಗಿ ಎರಡಕ್ಕೂ ಜಗಳ. ಟ್ಯಾಂಗಿನ ಎರಡೂ ಬದಿಗೆ ಮರದ ಹೋಳು ಕೂರಿಸಿದ ಚಾಕು ನಿಮ್ಮ ಹತ್ತಿರ ಇದ್ದರೆ, ಒಣಹವೆಯ ದಿನಗಳಲ್ಲಿ ಹಿಡಿಯ ಬೆನ್ನಿನ ಮೇಲೆ ಉಗುರು ಅಡ್ಡಕ್ಕೆ ಎಳೆದು ನೋಡಿ. ಮರದಿಂದ ಉಕ್ಕಿಗೆ ದಾಟುವಲ್ಲಿ ಉಗುರು ಸಣ್ಣಗೆ ತಡೆಯುತ್ತದೆ. ಹೊಸದರಲ್ಲಿ ಅಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಮರ ಕುಗ್ಗಿದೆ, ಉಕ್ಕು ಇದ್ದಲ್ಲೇ ಇದೆ, ಅಷ್ಟೇ.

ಇದನ್ನು ಲೆಕ್ಕ ಹಾಕಿಯೂ ನೋಡಬಹುದು. ಹಸಿ ಮರ ಪೂರ್ತಿ ಒಣಗುವ ಹೊತ್ತಿಗೆ ಅಗಲದಲ್ಲಿ ಎಷ್ಟು ಕುಗ್ಗುತ್ತದೆ ಎನ್ನುವ ಅಂಕಿ ಪ್ರತಿ ಮರಕ್ಕೂ ಇದೆ. ಹಾರ್ಡ್ ಮೇಪಲ್‌ಗೆ ಬೆಳವಣಿಗೆಯ ಉಂಗುರದ ಗುಂಟ ಸುಮಾರು 10%. ಆಫ್ರಿಕನ್ ಬ್ಲ್ಯಾಕ್‌ವುಡ್‌ಗೆ ಸುಮಾರು 5%. ಹಿಡಿ 30 ಮಿಲಿಮೀಟರ್ ಅಗಲ ಇದೆ, ಋತು ಬದಲಾದಾಗ ಮರದ ತೇವಾಂಶ 4% ಏರಿಳಿಯಿತು ಅಂತಿಟ್ಟುಕೊಳ್ಳಿ. ಆಗ ಆ ಪೂರ್ತಿ ಕುಗ್ಗುವಿಕೆಯಲ್ಲಿ ಒಂದು ಸಣ್ಣ ಪಾಲು ಮಾತ್ರ ಆಗುತ್ತದೆ, ಮೇಪಲ್ ಸುಮಾರು 0.4 ಮಿಲಿಮೀಟರ್ ಸರಿಯುತ್ತದೆ. ಬ್ಲ್ಯಾಕ್‌ವುಡ್ ಅದರ ಅರ್ಧ. ಕಾಗದದ ಮೇಲೆ ಸಣ್ಣ ಸಂಖ್ಯೆ, ಆದರೆ ಅಂಗೈಗೆ 0.4 ಚೆನ್ನಾಗಿಯೇ ಗೊತ್ತಾಗುತ್ತದೆ.

ಇನ್ನು ಗಟ್ಟಿತನ. ಮರ ಮಾರುವವರು ಜಾಂಕಾ ಸಂಖ್ಯೆ ಹೇಳುತ್ತಾರೆ. 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಅರ್ಧದವರೆಗೆ ಮರದೊಳಗೆ ಒತ್ತಲು ಎಷ್ಟು ಬಲ ಬೇಕು ಅನ್ನುವ ಅಳತೆ ಅದು. ಕೆಳಗೆ ಕೊಟ್ಟಿರುವುದೆಲ್ಲ ಪೌಂಡ್ ಲೆಕ್ಕದಲ್ಲಿ. ತೇಗ 1070, ವಾಲ್‌ನಟ್ 1010, ಹಾರ್ಡ್ ಮೇಪಲ್ 1450, ಬೀಟೆ 2440, ಬ್ಲ್ಯಾಕ್‌ವುಡ್ 3670. ಸಂಖ್ಯೆ ಜಾಸ್ತಿ ಇದ್ದರೆ ಹಿಡಿ ಒಳ್ಳೆಯದು ಅಂತ ತಿಳಿಯಬೇಡಿ. 1000 ದಾಟಿದ ಮರ ದಿನಬಳಕೆಯ ಚಾಕುವಿಗೆ ಧಾರಾಳ ಸಾಕು. ಅದಕ್ಕಿಂತ ಮೇಲೆ ಹೋದಷ್ಟೂ ಗೀರು ಬೀಳುವುದು ಕಡಿಮೆ, ಹೊಳಪು ಚೆನ್ನ, ಆದರೆ ಕೆಲಸ ಕಷ್ಟ, ತೂಕವೂ ಜಾಸ್ತಿ.

ಕಪ್ಪು ಬೇಕು ಅಂದರೆ

ಕಪ್ಪು ಹಿಡಿ ಅಂದ ಕೂಡಲೇ ಎಲ್ಲರೂ ಎಬೊನಿ ಅನ್ನುತ್ತಾರೆ. ನಾನು ಆಫ್ರಿಕನ್ ಬ್ಲ್ಯಾಕ್‌ವುಡ್ ತಗೊಳ್ಳಿ ಅನ್ನುತ್ತೇನೆ, ಅದೂ ಅನುಮಾನವಿಲ್ಲದೆ.

ಗಬೂನ್ ಎಬೊನಿ ನಿಜಕ್ಕೂ ಕಪ್ಪು, ನುಣುಪು, ಗೆರೆಯೇ ಕಾಣದಂಥ ಮರ. ಆದರೆ ಅದರ ಕುಗ್ಗುವಿಕೆ ಉಂಗುರದ ಗುಂಟ 11% ದಾಟುತ್ತದೆ. ಬ್ಲ್ಯಾಕ್‌ವುಡ್‌ಗಿಂತ ಎರಡು ಪಟ್ಟಿಗೂ ಮಿಕ್ಕಿ. ಒಣಗುವುದೂ ಬಲು ನಿಧಾನ. ಒಣಗುವಾಗ ಬಿರುಕು ಬಿಡದಿರಲಿ ಅಂತ ತುಂಡುಗಳಿಗೆ ಸುತ್ತಲೂ ಮೇಣ ಬಳಿದು ಮಾರುತ್ತಾರೆ. ಅಂಥ ತುಂಡಿನ ಒಳಗೆ ಇನ್ನೂ ತೇವ ಉಳಿದಿರುತ್ತದೆ. ತಂದ ದಿನವೇ ಕೊಯ್ದು ಹಿಡಿ ಮಾಡಿದರೆ ಕೆಲವು ತಿಂಗಳಲ್ಲಿ, ಹೋಳುಗಳನ್ನು ಟ್ಯಾಂಗಿಗೆ ಬಿಗಿಯುವ ಪಿನ್ನಿನ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುತ್ತದೆ. ಉಜ್ಜುವ ಯಂತ್ರದ, ಅಂದರೆ ಬೆಲ್ಟ್ ಗ್ರೈಂಡರ್‌ನ, ಮೇಲೆ ಒತ್ತಿ ಹಿಡಿದು ಬಿಸಿ ಮಾಡಿದರೂ ಹಾಗೆಯೇ ಆಗುತ್ತದೆ.

ಬ್ಲ್ಯಾಕ್‌ವುಡ್ ಬೀಟೆಯ ಕುಲದ ಮರ. ಕ್ಲಾರಿನೆಟ್, ಓಬೋ ಮಾಡುವವರು ಇದನ್ನೇ ಬಳಸುವುದು. ಉಸಿರಿನ ತೇವ ದಿನವೂ ಒಳಗೆ ಓಡಾಡುವ ವಾದ್ಯಕ್ಕೆ ಇದನ್ನು ಆರಿಸಿದ್ದಾರೆ ಅಂದರೆ ಚಾಕುವಿನ ಹಿಡಿಗೆ ಬೇರೆ ಶಿಫಾರಸು ಬೇಕಾ? ಸಾಂದ್ರತೆ ಘನ ಮೀಟರ್‌ಗೆ ಸುಮಾರು 1270 ಕಿಲೋ, ನೀರಿಗೆ ಹಾಕಿದರೆ ನೇರ ತಳ ಸೇರುತ್ತದೆ. ಎಣ್ಣೆ ತುಂಬಿದ ಮರ, ಹಾಗಾಗಿ ಮೇಲೆ ಏನೂ ಬಳಿಯದೆ ಬರೀ ಉಜ್ಜಿದರೂ ಹೊಳಪು ಬರುತ್ತದೆ. ಹತ್ತಿರದಿಂದ ನೋಡಿದರೆ ಪೂರ್ತಿ ಕಪ್ಪಲ್ಲ. ಬಿಸಿಲಿಗೆ ಹಿಡಿದಾಗ ಕಡು ನೇರಳೆ ಕಂದು ಬಣ್ಣದ ಎಳೆ ಸಣ್ಣಗೆ ಮೇಲೇಳುತ್ತದೆ. ನನಗೆ ಅದು ಬರೀ ಕಪ್ಪಿಗಿಂತ ಎಷ್ಟೋ ಇಷ್ಟ.

ಬಣ್ಣದ ಆಟ ಬೇಕು ಅಂದರೆ

ಇಲ್ಲಿ ದೊಡ್ಡ ಪೈಪೋಟಿ ಕೊಕೊಬೋಲೊ ಮತ್ತು ಡೆಸರ್ಟ್ ಐರನ್‌ವುಡ್ ನಡುವೆ.

ಕೊಕೊಬೋಲೊ ಮಧ್ಯ ಅಮೆರಿಕದ ಮರ, ಇದೂ ಬೀಟೆಯ ಕುಲ. ಕೊಯ್ದ ಹೊಸದರಲ್ಲಿ ಕಿತ್ತಳೆ, ಕೆಂಪು, ಹಳದಿ, ನಡುವೆ ಕಪ್ಪು ಗೆರೆಗಳು, ಎಲ್ಲ ಒಂದೇ ತುಂಡಿನಲ್ಲಿ. ಬೆಳಕಿಗೆ ಬಿದ್ದ ಮೇಲೆ ನಿಧಾನಕ್ಕೆ ಕಡುಗೆಂಪಾಗಿ ಗಂಭೀರವಾಗುತ್ತದೆ. ಉಂಗುರದ ಗುಂಟ 4% ಚಿಲ್ಲರೆ ಅಷ್ಟೇ ಕುಗ್ಗುವ ಮರ. ನೀರಿಗೆ ಹೆದರುವುದಿಲ್ಲ. ಇಷ್ಟೆಲ್ಲ ಒಳ್ಳೆಯ ಗುಣ ಇದ್ದೂ ನಾನು ಎಚ್ಚರಿಕೆ ಹೇಳುವುದು ಅದರ ಪುಡಿಯ ಬಗ್ಗೆ. ಬಹಳ ಜನರಿಗೆ ಚರ್ಮದಲ್ಲಿ ಕೆಂಪು ದದ್ದು ಎಬ್ಬಿಸುತ್ತದೆ. ಮೊದಲ ಸಲ ಏನೂ ಆಗದಿರಬಹುದು. ಆದರೆ ಮೈ ಒಮ್ಮೆ ಅದನ್ನು ಗುರುತಿಟ್ಟುಕೊಂಡರೆ ಆಮೇಲೆ ಪ್ರತಿ ಸಲವೂ ಜಾಸ್ತಿಯೇ. ಇದು ಸಾಮಾನ್ಯವಾಗಿ ಮಾಡುವವರ ಕಷ್ಟ. ಆದರೂ ಚರ್ಮ ಸೂಕ್ಷ್ಮ ಇರುವವರಿಗೆ ಉಡುಗೊರೆ ಕೊಡುವುದಾದರೆ ಬೇರೆ ಮರ ನೋಡಿ.

ಡೆಸರ್ಟ್ ಐರನ್‌ವುಡ್ ಬೆಳೆಯುವುದು ಅಮೆರಿಕ ಮತ್ತು ಮೆಕ್ಸಿಕೊ ಗಡಿಯ ಸೊನೋರಾ ಮರುಭೂಮಿಯಲ್ಲಿ. ಮಳೆ ಕಡಿಮೆ, ಬೆಳವಣಿಗೆ ನಿಧಾನ, ಅದಕ್ಕೇ ಮರ ಅಷ್ಟು ಬಿಗಿ. ಜಾಂಕಾ 3260. ಬಣ್ಣ ಜೇನಿನಿಂದ ಹಿಡಿದು ಕಡು ಕಾಫಿಯವರೆಗೆ. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಅದರ ಬಣ್ಣಕ್ಕಿಂತ ಅದರ ಮಿಂಚು. 400ರ ಸ್ಯಾಂಡ್‌ಪೇಪರ್‌ವರೆಗೆ (ಸಂಖ್ಯೆ ಏರಿದಷ್ಟೂ ಕಾಗದ ನುಣುಪು) ಮಂಕಾಗಿರುತ್ತದೆ. 800 ದಾಟಿದ ಮೇಲೆ ಒಳಗಿನಿಂದ ಬೆಳಕು ಬರಲು ಶುರು. 1500ಕ್ಕೆ ಬಂದಾಗ ಹಿಡಿಯನ್ನು ಸ್ವಲ್ಪ ತಿರುಗಿಸಿದರೆ ಚಿನ್ನದ ಬಣ್ಣದ ಪಟ್ಟಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರುತ್ತದೆ. ಎಣ್ಣೆ ಇಲ್ಲ, ವಾರ್ನಿಶ್ ಇಲ್ಲ. ಆಮೇಲೆ ಬಟ್ಟೆಯಲ್ಲಿ ಒರೆಸಿಕೊಂಡಿದ್ದರೆ ಆ ಹೊಳಪು ವರ್ಷಗಟ್ಟಲೆ ಇರುತ್ತದೆ.

ಅದಕ್ಕೂ ಕೊರತೆ ಇದೆ. ಪೆಡಸು ಮರ. ಮೂಲೆ ತೆಳ್ಳಗೆ ಬಿಟ್ಟರೆ ಚಕ್ಕೆ ಏಳುತ್ತದೆ. ಬಳಸುವುದು ಹೆಚ್ಚಾಗಿ ಸತ್ತು ಒಣಗಿದ ಮರ, ಹಾಗಾಗಿ ಒಳಗೆ ಬಿರುಕು ಅಡಗಿರುವುದು ಮಾಮೂಲು. ತುಂಡಿನ ಆರೂ ಮುಖ ನೋಡದೆ ಕೊಳ್ಳಬೇಡಿ. ಇಷ್ಟಾದರೂ ಒಂದೇ ಮರ ಆರಿಸು ಅಂದರೆ ನಾನು ಆರಿಸುವುದು ಇದನ್ನೇ. ಕೊಕೊಬೋಲೊ ಮೊದಲ ನೋಟಕ್ಕೆ ಗೆಲ್ಲುತ್ತದೆ. ಐರನ್‌ವುಡ್ ವರ್ಷ ಕಳೆದ ಮೇಲೂ ಹಾಗೆಯೇ ಇರುತ್ತದೆ.

ಬೀಟೆ ಈ ಎರಡರಷ್ಟು ಕಣ್ಣು ಕುಕ್ಕುವುದಿಲ್ಲ. ಕಂದು, ನೇರಳೆ, ನಡುವೆ ಕಪ್ಪು ಎಳೆ. ಆದರೆ ಕೆಲಸಕ್ಕೆ ಸುಲಭ, ತೂಕ ಹದ, ಸುವಾಸನೆ ಬೇರೆ. ಕಾರ್ಖಾನೆಯಲ್ಲಿ ಮಾಡಿದ ಹಳೆಯ ಅಡುಗೆ ಚಾಕುಗಳಲ್ಲಿ ಬೀಟೆಯ ಹಿಡಿ ಅಷ್ಟೊಂದು ಕಾಣುವುದು ಸುಮ್ನೆ ಅಲ್ಲ. ರಂಧ್ರ ಸ್ವಲ್ಪ ದೊಡ್ಡದು. ಕನ್ನಡಿ ಹೊಳಪು ಬೇಕಾದರೆ ರಂಧ್ರ ತುಂಬಿಸಬೇಕು.

ಸ್ನೇಕ್‌ವುಡ್ ಹಾವಿನ ಚರ್ಮದಂಥ ಚುಕ್ಕೆಗಳಿಗೆ ಹೆಸರುವಾಸಿ. ಬಿರುಕು ಬಿಡುವುದಕ್ಕೂ. ಅನುಭವ ಇಲ್ಲದವರು ಮುಟ್ಟದಿರುವುದೇ ಒಳ್ಳೆಯದು. ಲಿಗ್ನಮ್ ವಿಟೆಯ ಗಟ್ಟಿತನ 4390, ಮೈತುಂಬ ಮೇಣದಂಥ ಎಣ್ಣೆ. ಹಡಗಿನ ಪ್ರೊಪೆಲರ್ ದಂಡಕ್ಕೆ ಇದರ ಬೇರಿಂಗ್ ಹಾಕುತ್ತಿದ್ದರು. 18ನೇ ಶತಮಾನದ ಗಡಿಯಾರ ತಯಾರಕ ಜಾನ್ ಹ್ಯಾರಿಸನ್ ಎಣ್ಣೆ ಬೇಡದ ಗಡಿಯಾರಕ್ಕೆ ಇದನ್ನು ಬಳಸಿದ. ಆ ಜಾರುವ ಗುಣವೇ ಹಿಡಿಗೆ ತೊಡಕು. ಅಂಟು ಹಿಡಿಯುವುದಿಲ್ಲ, ಒದ್ದೆ ಕೈಗೆ ಜಾರುತ್ತದೆ.

ಪಡೌಕ್, ಪರ್ಪಲ್‌ಹಾರ್ಟ್ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಬರೀ ಬಣ್ಣ ನೋಡಿ ಇವನ್ನು ಕೊಳ್ಳಬೇಡಿ. ಪಡೌಕಿನ ಕಿತ್ತಳೆಗೆಂಪು ಬೆಳಕಿಗೆ ಕಂದಾಗುತ್ತದೆ. ಪರ್ಪಲ್‌ಹಾರ್ಟಿನ ನೇರಳೆಯೂ ಕೊನೆಗೆ ಕಂದಿನ ಕಡೆಗೇ ಹೋಗುತ್ತದೆ. ಮರ ಎರಡೂ ಗಟ್ಟಿ, ಒಳ್ಳೆಯವೇ. ಕಂದು ಬಣ್ಣ ಒಪ್ಪಿಗೆ ಇದ್ದರೆ ಧಾರಾಳವಾಗಿ ತಗೊಳ್ಳಿ.

ತಿಳಿ ಬಣ್ಣ, ಹಗುರ ಹಿಡಿ

ಹಿಡಿಯ ತೂಕ ಚಾಕುವಿನ ನಡತೆಯನ್ನೇ ಬದಲಿಸುತ್ತದೆ. ಸಾಮಾನ್ಯ ಹಿಡಿಯಲ್ಲಿ 60 ಘನ ಸೆಂಟಿಮೀಟರ್ ಮರ ಇದೆ ಅಂದುಕೊಳ್ಳಿ. ಅದು ವಾಲ್‌ನಟ್ ಆದರೆ ಸುಮಾರು 37 ಗ್ರಾಂ. ಬ್ಲ್ಯಾಕ್‌ವುಡ್ ಆದರೆ 76 ಗ್ರಾಂ. ತೆಳು ಅಲಗಿನ ಚಾಕುವಿಗೆ ಆ ಹೆಚ್ಚುವರಿ 39 ಗ್ರಾಂ ಸೇರಿದರೆ ತೂಕದ ನಡು ಅಂಗೈ ಕಡೆ ಸರಿಯುತ್ತದೆ, ತುದಿ ಹಗುರಾಗುತ್ತದೆ. ಕೆಲವರಿಗೆ ಅದೇ ಬೇಕು. ಕತ್ತರಿಸುವಾಗ ಅಲಗಿನ ತೂಕವೇ ಕೆಲಸ ಮಾಡಲಿ ಅನ್ನುವವರಿಗೆ ಹಗುರ ಹಿಡಿ ಸರಿ. ಜಪಾನಿನ ಸಾಂಪ್ರದಾಯಿಕ ಚಾಕುಗಳಿಗೆ ಹಗುರವಾದ ಮ್ಯಾಗ್ನೋಲಿಯಾ ಮರ ಹಾಕುವುದು ನೋಡಿ. ಚಿತ್ತಾರ ಏನೂ ಇಲ್ಲ, ಆದರೆ ಒದ್ದೆ ಕೈಯಲ್ಲೂ ಹಿಡಿತ ಬಿಡುವುದಿಲ್ಲ.

ಈ ಗುಂಪಿನಲ್ಲಿ ನನ್ನ ಮೊದಲ ಆಯ್ಕೆ ವಾಲ್‌ನಟ್. ಬಂದೂಕಿನ ಹಿಂಗಟ್ಟಿಗೆ ತಲೆಮಾರುಗಳಿಂದ ಬಳಸಿದ ಮರ. ಪೆಟ್ಟು ತಡೆಯುತ್ತದೆ, ಸುಲಭಕ್ಕೆ ಬಾಗಿ ತಿರುಚಿಕೊಳ್ಳುವುದಿಲ್ಲ, ಹರಿತವಾದ ಉಪಕರಣಕ್ಕೆ ಬೆಣ್ಣೆಯ ಹಾಗೆ ಕೊಯ್ಯಿಸಿಕೊಳ್ಳುತ್ತದೆ. ಮೊದಲ ಸಲ ಹಿಡಿ ಮಾಡುವವರು ಇದರಿಂದಲೇ ಶುರು ಮಾಡಿ. ಬುಡದ ಕಡೆಯ, ಕವಲಿನ ಕಡೆಯ ತುಂಡು ಸಿಕ್ಕರೆ ಗರಿಯಂಥ ಚಿತ್ತಾರವೂ ಬರುತ್ತದೆ.

ಮೇಪಲ್ ವಾಲ್‌ನಟ್‌ಗಿಂತ ಗಟ್ಟಿ. ಅಲೆಅಲೆಯಾದ ಚಿತ್ತಾರ, ಹಕ್ಕಿಕಣ್ಣಿನಂಥ ಚುಕ್ಕೆ, ಇವೆಲ್ಲ ಅದರ ಹೆಚ್ಚುಗಾರಿಕೆ. ಆದರೆ ಬಿಳಿ ಮರಕ್ಕೆ ಕೈಯ ಕೊಳೆ, ಎಣ್ಣೆ ಬೇಗ ಹತ್ತುತ್ತದೆ. ಎರಡು ವರ್ಷ ದಿನವೂ ಬಳಸಿದ ಮೇಲೆ ಬೆರಳು ಕೂರುವ ಜಾಗ ಬೂದು ಬಣ್ಣಕ್ಕೆ ತಿರುಗುತ್ತದೆ. ಕುಗ್ಗುವಿಕೆಯೂ ಜಾಸ್ತಿ ಅಂತ ಆಗಲೇ ನೋಡಿದೆವು. ಹಾಗಾಗಿ ಮೇಪಲ್ ಬೇಕೆಂದರೆ ಮುಂದೆ ಹೇಳುವ ರೆಸಿನ್, ಅಂದರೆ ಗಟ್ಟಿಯಾಗುವ ಪ್ಲಾಸ್ಟಿಕ್‌ನಂಥ ದ್ರವ, ತುಂಬಿದ್ದನ್ನೇ ತಗೊಳ್ಳಿ.

ಆಲಿವ್ ಮರದ ಸುರುಳಿ ಗೆರೆಗಳು ನೋಡಲು ಸೊಗಸು, 2700ರ ಗಟ್ಟಿತನ ಇದೆ. ಸರಿಯಾಗಿ ಒಣಗದ ಆಲಿವ್ ಮಾತ್ರ ಖಂಡಿತ ಬಿರಿಯುತ್ತದೆ. ತೇಗ ನೀರಿನ ಹತ್ತಿರದ ಕೆಲಸಕ್ಕೆ ಚಿನ್ನ, ಆದರೆ ಚಿತ್ತಾರ ಸಾಧಾರಣ. ಅದರೊಳಗಿನ ಸಿಲಿಕಾ ಉಪಕರಣದ ಮೊನೆ ಬೇಗ ಮೊಂಡು ಮಾಡುತ್ತದೆ. ಫಿನ್ಲೆಂಡಿನ ಪೂಕ್ಕೊ ಚಾಕುಗಳ ಹಿಡಿಗೆ ಬಳಸುವ ಕರ್ಲಿ ಬರ್ಚ್ ಇನ್ನೊಂದು ಒಳ್ಳೆಯ ದಾರಿ. ಹಗುರ, ಚಳಿಯಲ್ಲಿ ಕೈಗೆ ತಣ್ಣಗೆ ಕೊರೆಯುವುದಿಲ್ಲ, ತಿಳಿ ಮೈಮೇಲೆ ಕಂದು ಚುಕ್ಕೆ. ಅಂಥ ಚಾಕುಗಳಲ್ಲಿ ಸಣ್ಣ ಟ್ಯಾಂಗ್ ಪೂರ್ತಿ ಮರದೊಳಗೆ ಹುದುಗಿರುತ್ತದೆ. ಮರ ಹಿಗ್ಗಿದರೂ ಕುಗ್ಗಿದರೂ ಉಕ್ಕಿನ ಅಂಚು ಕೈಗೆ ತಾಗುವ ಪ್ರಶ್ನೆಯೇ ಇಲ್ಲ. ತುಂಬ ಅಲುಗುವ ಮರದ ಮೇಲೆ ಆಸೆ ಆಗಿದ್ದರೆ ಈ ಬಗೆಯ ಹಿಡಿ ಯೋಚಿಸಿ.

ಗಂಟುಮರ, ರೆಸಿನ್ ತುಂಬಿದ ಮರ

ಮರದ ಮೈಮೇಲೆ ಏಳುವ ಗಂಟುಗಳನ್ನು ಬರ್ಲ್ ಅನ್ನುತ್ತಾರೆ. ಎಳೆ ಒಂದು ದಿಕ್ಕಿಗೆ ಹೋಗದೆ ಸುತ್ತಿ ಸುಳಿದು ಬೆಳೆದಿರುತ್ತದೆ. ಕೊಯ್ದರೆ ಕಣ್ಣು, ಸುಳಿ, ಮೋಡ. ಒಂದು ತುಂಡಿನಂತೆ ಇನ್ನೊಂದು ಇರುವುದಿಲ್ಲ. ಆದರೆ ಹಲವು ಬರ್ಲ್‌ಗಳು ಮೆತ್ತಗೆ, ಒಳಗೆ ಪೊಳ್ಳು ಬೇರೆ. ರೆಡ್‌ವುಡ್‌ನ ಸಾದಾ ಮರವೇ 450ರ ಗಟ್ಟಿತನದ್ದು, ಉಗುರಿಗೇ ಗೀರು ಬೀಳುತ್ತದೆ. ಶಿಲೀಂಧ್ರ ಹತ್ತಿ ಕಪ್ಪು ಗೆರೆ ಮೂಡಿದ ಸ್ಪಾಲ್ಟೆಡ್ ಮರದ್ದೂ ಇದೇ ಕಥೆ. ಆ ಗೆರೆ ಮೂಡಿದ್ದೇ ಮರ ಕೊಳೆಯಲು ಶುರುವಾಗಿದ್ದಕ್ಕೆ.

ಇಂಥ ಮರಕ್ಕೆ ಜೀವ ಕೊಡುವುದು ಸ್ಟೆಬಿಲೈಸಿಂಗ್. ಮೊದಲು ಓವನ್‌ನಲ್ಲಿ ನೀರು ಕುದಿಯುವ ಬಿಸಿಗಿಂತ ಸ್ವಲ್ಪ ಮೇಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸುತ್ತಾರೆ. ಆಮೇಲೆ ತೆಳು ರೆಸಿನ್‌ನಲ್ಲಿ ಮುಳುಗಿಸಿ ನಿರ್ವಾತ ಪಂಪಿನಿಂದ ಗಾಳಿ ಎಳೆಯುತ್ತಾರೆ. ಮರದಿಂದ ಗುಳ್ಳೆಗಳು ಎದ್ದು ಬರುತ್ತವೆ, ಗಂಟೆಗಟ್ಟಲೆ. ಗುಳ್ಳೆ ನಿಂತ ಮೇಲೆ ಪಂಪ್ ನಿಲ್ಲಿಸಿ ಹೊರಗಿನ ಗಾಳಿ ಒಳಗೆ ಬಿಟ್ಟರೆ ಗಾಳಿ ಇದ್ದ ಜಾಗಕ್ಕೆ ರೆಸಿನ್ ನುಗ್ಗುತ್ತದೆ. ಕೊನೆಗೆ ಮತ್ತೆ ಬಿಸಿ ಕೊಟ್ಟು ಗಟ್ಟಿ ಮಾಡುತ್ತಾರೆ. ಮೆತ್ತನೆಯ ಬರ್ಲ್ ತನ್ನ ತೂಕದಷ್ಟೇ ರೆಸಿನ್ ಕುಡಿಯುವುದೂ ಉಂಟು. ರೆಸಿನ್ ಜೊತೆ ಬಣ್ಣ ಬೆರೆಸಿದರೆ ನೀಲಿ, ಹಸಿರು ಮೇಪಲ್ ಬರ್ಲ್ ಸಿಗುತ್ತದೆ.

ಗುಣ ಹೇಗೆ? ನೀರು ಹೀರುವುದು ತೀರಾ ಕಡಿಮೆ ಆಗುತ್ತದೆ, ಹಿಗ್ಗು ಕುಗ್ಗು ಹೆಚ್ಚುಕಡಿಮೆ ನಿಲ್ಲುತ್ತದೆ, ಹೊಳಪು ಸುಲಭ. ನೀರಲ್ಲಿ ಇರುವ ಅಡುಗೆ ಚಾಕುವಿಗೆ ಚಿತ್ತಾರದ ಮರ ಬೇಕೆಂದರೆ ಇದು ಬಿಟ್ಟು ಬೇರೆ ದಾರಿ ನಾನು ಹೇಳುವುದಿಲ್ಲ. ಕೈಗೆ ಮಾತ್ರ ಸ್ವಲ್ಪ ಪ್ಲಾಸ್ಟಿಕ್ ಅನ್ನಿಸುತ್ತದೆ. ಬರಿಯ ಐರನ್‌ವುಡ್ ಹಿಡಿದ ಕೈಗೆ ಆ ವ್ಯತ್ಯಾಸ ತಟ್ಟನೆ ಗೊತ್ತಾಗುತ್ತದೆ. ಕೊಳ್ಳುವಾಗ ತುಂಡನ್ನು ಕೈಯಲ್ಲಿ ತೂಗಿ ನೋಡಿ. ಒಂದೇ ಅಳತೆಯ ಎರಡರಲ್ಲಿ ಹಗುರದ್ದಕ್ಕೆ ನಡುವಿನವರೆಗೆ ರೆಸಿನ್ ಇಳಿದಿರಲಿಕ್ಕಿಲ್ಲ. ಮತ್ತೆ, ಬ್ಲ್ಯಾಕ್‌ವುಡ್, ಕೊಕೊಬೋಲೊ, ಐರನ್‌ವುಡ್‌ನಂಥವು ರೆಸಿನ್ ಕುಡಿಯುವುದಿಲ್ಲ, ಕುಡಿಯುವ ಅಗತ್ಯವೂ ಇಲ್ಲ. ‘ಸ್ಟೆಬಿಲೈಸ್ಡ್ ಐರನ್‌ವುಡ್’ ಅಂತ ಯಾರಾದರೂ ಹೆಚ್ಚು ದುಡ್ಡು ಕೇಳಿದರೆ ಯಾಕೆ ಅಂತ ಕೇಳಿ.

ಹಾಗಾದರೆ ಯಾವ ಚಾಕುವಿಗೆ ಯಾವುದು?

ದಿನವೂ ತೊಳೆಯುವ ಅಡುಗೆ ಚಾಕುವಿಗೆ ರೆಸಿನ್ ತುಂಬಿದ ಮೇಪಲ್, ಇಲ್ಲವೇ ಬರಿಯ ಬ್ಲ್ಯಾಕ್‌ವುಡ್. ಹಗುರ ಬೇಕಾದರೆ ಮೊದಲನೆಯದು, ಭಾರ ಒಪ್ಪಿದರೆ ಎರಡನೆಯದು. ಕಾಡು ಮೇಡು ಸುತ್ತುವ ಚಾಕುವಿಗೆ ವಾಲ್‌ನಟ್, ಕರ್ಲಿ ಬರ್ಚ್ ಸಾಕು. ಗೀರು ಬಿದ್ದರೆ ಉಜ್ಜಿ ಎಣ್ಣೆ ಹಚ್ಚಿದರಾಯಿತು. ಜೇಬಿನ ಮಡಚುವ ಚಾಕುವಿನಲ್ಲಿ ಮರದ ಹೋಳು ಎರಡು ಮೂರು ಮಿಲಿಮೀಟರ್ ದಪ್ಪ ಅಷ್ಟೇ, ಅಲ್ಲಿ ಐರನ್‌ವುಡ್ ಅಥವಾ ಬ್ಲ್ಯಾಕ್‌ವುಡ್ ಬಿಟ್ಟು ಬೇರೆಯದು ಯೋಚಿಸಬೇಡಿ. ಕಪಾಟಿನಲ್ಲಿ ಇಡುವ ಚಾಕುವಿಗೆ ಸ್ನೇಕ್‌ವುಡ್ ಕೂಡ ಸರಿ, ಅಲ್ಲಿ ಕಣ್ಣಿಗೆ ಒಪ್ಪಿದ್ದೇ ಮರ.

ಕಾನೂನಿನ ಮಾತು ಒಂದಿದೆ. ಬೀಟೆಯ ಇಡೀ ಕುಲ, ಅಂದರೆ ಡಾಲ್ಬರ್ಜಿಯಾ, 2017ರ ಜನವರಿಯಿಂದ, ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಕೊಕೊಬೋಲೊ, ಬ್ಲ್ಯಾಕ್‌ವುಡ್ ಎಲ್ಲ ಇದರೊಳಗೇ ಬಂತು. ಬ್ರೆಜಿಲಿನ ರೋಸ್‌ವುಡ್ 1992ರಿಂದಲೇ ಮೊದಲ ಪಟ್ಟಿಯಲ್ಲಿ, ಅದರ ವ್ಯಾಪಾರ ಹೆಚ್ಚುಕಡಿಮೆ ನಿಷೇಧವೇ. 2019ರ ತಿದ್ದುಪಡಿಯ ನಂತರ ಎರಡನೇ ಪಟ್ಟಿಯ ಡಾಲ್ಬರ್ಜಿಯಾದಿಂದ ಮಾಡಿ ಮುಗಿಸಿದ ವಸ್ತುಗಳಿಗೆ, ಒಂದು ಸಾಗಣೆಯಲ್ಲಿ ಮರದ ತೂಕ 10 ಕಿಲೋ ಒಳಗಿದ್ದರೆ, ವಿನಾಯಿತಿ ಸಿಕ್ಕಿತು. ಕಚ್ಚಾ ತುಂಡು ಗಡಿ ದಾಟಿಸಲು ಕಾಗದಪತ್ರ ಬೇಕು. ಮಾರುವವರನ್ನು ಮರದ ಪೂರ್ತಿ ಹೆಸರು ಕೇಳಿ, ಎಲ್ಲಿಂದ ಬಂತು ಅಂತಲೂ ಕೇಳಿ. ಇಂಥ ಮರ ಬೆಳೆಯಲು ಎಷ್ಟೋ ದಶಕ ಬೇಕು. ಕದ್ದು ಕಡಿದ ಮರ ನಮ್ಮ ಕೈಯಲ್ಲಿ ಇರಬಾರದು.

ನೀವೇ ಮಾಡುವವರಾದರೆ ಇನ್ನೊಂದಿಷ್ಟು. ಮಾಸ್ಕ್ ಇಲ್ಲದೆ ಮರ ಉಜ್ಜಬೇಡಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಪುಡಿಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿದೆ. ಬಟ್ಟೆಯ ತೆಳು ಮಾಸ್ಕ್ ಸಾಲದು, ಸಣ್ಣ ಕಣ ತಡೆಯುವುದೇ ಬೇಕು. ಎಣ್ಣೆ ಮರಗಳಿಗೆ ಎಪಾಕ್ಸಿ ಅಂಟು ಹಚ್ಚುವ ಮುಂಚೆ ಅಸಿಟೋನ್‌ನಲ್ಲಿ ಒರೆಸಿ, ಬಟ್ಟೆಗೆ ಬಣ್ಣ ಹತ್ತುವುದು ಕಡಿಮೆಯಾಗುವವರೆಗೆ. ಆರಿದ ಕೂಡಲೇ ಅಂಟಿಸಿ, ತಡ ಮಾಡಿದರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಅಂಟೊಂದನ್ನೇ ನಂಬದೆ ಪಿನ್ ಕೂಡ ಹಾಕಿ. ಎರಡು ಬದಿಯ ಹೋಳುಗಳು ಒಂದೇ ತುಂಡನ್ನು ಸೀಳಿ ಬಂದವಾಗಿರಲಿ. ಚಿತ್ತಾರ ಹೊಂದುತ್ತದೆ, ಎರಡೂ ಒಂದೇ ಸಮ ಹಿಗ್ಗಿ ಕುಗ್ಗುತ್ತವೆ. ಕೆಲಸದ ಚಾಕುವಾದರೆ 400, 600ಕ್ಕೆ ಉಜ್ಜುವುದು ನಿಲ್ಲಿಸಿ, ಕನ್ನಡಿ ಹೊಳಪಿಗೆ ಹಿಡಿತ ಕಡಿಮೆ.

ಎಣ್ಣೆ ಮರಗಳಿಗೆ ಮೇಣ ಸಾಕು. ವಾಲ್‌ನಟ್, ಬರ್ಚ್‌ಗೆ ಟಂಗ್ ಎಣ್ಣೆ ಅಥವಾ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಒರೆಸಿ, ಆರಲು ಬಿಟ್ಟು, ಮತ್ತೆ ಹಚ್ಚಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಆರುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಅಗಲವಾಗಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ ಬಿಸಾಡಿ.